ಎರಡು ನ್ಯಾನೊಮೀಟರಿನ ಪೊರೆ: ಕ್ವಾಂಟಂ ಚಿಪ್ ಹುಟ್ಟುವುದೂ ಕೆಡುವುದೂ ಅಲ್ಲೇ

(ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಪ್ಲಸ್ ಟು ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಒಂದು ಅಲ್ಯುಮಿನಿಯಂ ಪಾತ್ರೆ ಇದೆ. ಹುಣಸೆಹುಳಿ ಹಾಕಿ ತಿಕ್ಕಿ ತೊಳೆದದ್ದು, ಫಳಫಳ ಹೊಳೆಯುತ್ತಿದೆ. ಇದನ್ನು ಮುಟ್ಟಿದರೆ ನಿಮ್ಮ ಬೆರಳು ತಾಗುವುದು ಲೋಹಕ್ಕಲ್ಲ. ತಿಕ್ಕಿ ಮುಗಿಸುವ ಮೊದಲೇ ಗಾಳಿಯ ಆಮ್ಲಜನಕ ಮೇಲ್ಮೈಯನ್ನು ಹಿಡಿದು ಎರಡರಿಂದ ನಾಲ್ಕು ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟಿಬಿಟ್ಟಿರುತ್ತದೆ. ಅಷ್ಟಕ್ಕೇ ನಿಲ್ಲುತ್ತದೆ, ಮುಂದೆ ಬೆಳೆಯುವುದಿಲ್ಲ. ನಮ್ಮ ಕಡಲ ಗಾಳಿಗೆ ಕಬ್ಬಿಣದ ಗೇಟು ಪದರ ಪದರವಾಗಿ ಉದುರಿದರೂ ಅಲ್ಯುಮಿನಿಯಂ ಪಾತ್ರೆ ಹಾಗೇ ಉಳಿಯುವುದು ಈ ಪೊರೆಯ ದಯೆಯಿಂದ. ಎರಡು ನ್ಯಾನೊಮೀಟರ್ ಅಂದರೆ ಹೆಚ್ಚುಕಡಿಮೆ ಹತ್ತು ಪರಮಾಣುಗಳನ್ನು ಒಂದರ ಮೇಲೊಂದು ಇಟ್ಟಷ್ಟು ದಪ್ಪ.

ಈ ಪೊರೆಯನ್ನೇ ಎರಡು ಲೋಹಗಳ ನಡುವೆ ಇಟ್ಟು ಕ್ವಾಂಟಂ ಕಂಪ್ಯೂಟರಿನ ಕ್ಯೂಬಿಟ್, ಅಂದರೆ ಸೊನ್ನೆ ಮತ್ತು ಒಂದನ್ನು ಬೆರೆಸಿಯೂ ಹಿಡಿಯಬಲ್ಲ ಲೆಕ್ಕದ ಮೂಲ ಘಟಕ, ಮಾಡುತ್ತಾರೆ. ಆ ಕ್ಯೂಬಿಟ್ಟನ್ನು ಹೆಚ್ಚು ಹೊತ್ತು ಬದುಕಲು ಬಿಡದಿರುವುದೂ ಇದೇ ಬಗೆಯ ಪೊರೆ. ಇವತ್ತಿನ ಮಾತು ಇಷ್ಟರ ಮೇಲೆ. ಕ್ವಾಂಟಂ ಕಂಪ್ಯೂಟರ್ ಎಂದೊಡನೆ ಗಣಿತ, ಅಲ್ಗಾರಿದಂ, ಗೂಢಲಿಪಿ ಒಡೆಯುವುದು, ಇಂಥ ಮಾತುಗಳೇ ಬರುತ್ತವೆ. ಆದರೆ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಈ ಕ್ಷೇತ್ರ ಮುಂದೆ ಹೋದದ್ದರಲ್ಲಿ ದೊಡ್ಡ ಪಾಲು ಲೋಹ, ಆಕ್ಸೈಡ್, ಆಸಿಡ್, ನಿರ್ವಾತ ಪಂಪುಗಳದ್ದು.

ಮೊದಲು ಭೌತಶಾಸ್ತ್ರ, ಬೇಕಾದಷ್ಟು ಮಾತ್ರ. 1911ರಲ್ಲಿ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ನೆಸ್ ಪಾದರಸವನ್ನು 4.2 ಕೆಲ್ವಿನ್‌ಗೆ ತಂಪು ಮಾಡಿದಾಗ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಇಲ್ಲವಾಯಿತು. ಇದು ಅತಿವಾಹಕತೆ. (ಕೆಲ್ವಿನ್ ಅಂದರೆ ನಿರಪೇಕ್ಷ ಶೂನ್ಯದಿಂದ, ಅಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್‌ನಿಂದ, ಎಣಿಸುವ ಉಷ್ಣತೆಯ ಅಳತೆ.) ಅಲ್ಯುಮಿನಿಯಂ 1.2 ಕೆಲ್ವಿನ್‌ನಲ್ಲಿ, ನಿಯೋಬಿಯಂ 9.2ರ ಆಸುಪಾಸಿನಲ್ಲಿ, ಟ್ಯಾಂಟಲಂ 4.4ರಲ್ಲಿ ಅತಿವಾಹಕವಾಗುತ್ತವೆ. ಆ ಸ್ಥಿತಿಯಲ್ಲಿ ಇಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಸಾಗುತ್ತವೆ. 1962ರಲ್ಲಿ ಕೇಂಬ್ರಿಜ್‌ನ ಬ್ರಯಾನ್ ಜೋಸೆಫ್ಸನ್, ಆಗ ಇಪ್ಪತ್ತೆರಡರ ಹುಡುಗ, ಎರಡು ಅತಿವಾಹಕಗಳ ನಡುವೆ ತೆಳ್ಳಗಿನ ನಿರೋಧಕ ಇಟ್ಟರೂ ಈ ಜೋಡಿಗಳು ವೋಲ್ಟೇಜ್ ಇಲ್ಲದೆಯೇ ದಾಟುತ್ತವೆ ಎಂದು ಲೆಕ್ಕ ಹಾಕಿ ತೋರಿಸಿದರು.

ದಾಟುವ ಈ ಕ್ರಿಯೆಗೆ ಪುಸ್ತಕಗಳಲ್ಲಿ ‘ಸುರಂಗ ಪರಿಣಾಮ’ ಎಂಬ ಹೆಸರಿದೆ. ಬಾಯಾರು, ಎಣ್ಮಕಜೆ ಕಡೆಯವರಿಗೆ ಸುರಂಗ ಎಂದರೆ ಏನೆಂದು ಹೇಳಬೇಕಾಗಿಲ್ಲ. ಗುಡ್ಡದ ಮುರಕಲ್ಲಿಗೆ ಪಿಕ್ಕಾಸು ಹಾಕಿ, ಒಬ್ಬರು ನಡೆಯುವಷ್ಟು ಅಗಲಕ್ಕೆ, ನೀರಿನ ಒರತೆ ಸಿಗುವವರೆಗೆ ಅಡ್ಡಕ್ಕೆ ಕೊರೆದದ್ದು. ಆದರೆ ಆ ಹೆಸರು ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಆಕ್ಸೈಡಿನಲ್ಲಿ ಯಾರೂ ಏನನ್ನೂ ಕೊರೆಯುವುದಿಲ್ಲ, ತೂತು ಇರುವುದಿಲ್ಲ. ಇಲೆಕ್ಟ್ರಾನಿನ ಅಲೆ ಗೋಡೆಯೊಳಗೆ ಬೇಗ ಬೇಗ ಕ್ಷೀಣಿಸುತ್ತಾ ಹೋಗುತ್ತದೆ. ಗೋಡೆ ಸಾಕಷ್ಟು ತೆಳ್ಳಗಿದ್ದರೆ ಆಚೆ ಬದಿಯಲ್ಲಿ ಅದರ ಒಂದಿಷ್ಟು ಅಂಶ ಉಳಿದಿರುತ್ತದೆ. ದಪ್ಪ ಒಂದೇ ಒಂದು ಪರಮಾಣುವಿನಷ್ಟು ಹೆಚ್ಚಿದರೂ ದಾಟುವ ಪ್ರವಾಹ ಹಲವು ಪಟ್ಟು ಇಳಿದುಹೋಗುತ್ತದೆ. ಈ ಮಾತನ್ನು ನೆನಪಿಡಿ. ತಯಾರಿಕೆಯ ಕಷ್ಟವೆಲ್ಲ ಇದರಲ್ಲೇ ಇದೆ.

ಒಂದು ಕಾಯಿಲ್, ಒಂದು ಕೆಪಾಸಿಟರ್ ಸೇರಿದರೆ ರೇಡಿಯೊದ ಟ್ಯೂನಿಂಗ್ ಸರ್ಕ್ಯೂಟ್ ಆಗುತ್ತದಲ್ಲ, ಅದನ್ನು ಚೆನ್ನಾಗಿ ತಂಪು ಮಾಡಿದರೆ ಅದರ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆದರೆ ಎಲ್ಲ ಮೆಟ್ಟಿಲುಗಳ ಎತ್ತರವೂ ಒಂದೇ. ಸೊನ್ನೆಯಿಂದ ಒಂದಕ್ಕೆ ಏರಿಸುವ ಸಂಕೇತವೇ ಒಂದರಿಂದ ಎರಡಕ್ಕೂ ಏರಿಸಿಬಿಡುತ್ತದೆ. ಹಾಗಾದರೆ ಲೆಕ್ಕಕ್ಕೆ ಬಾರದು. ಕಾಯಿಲ್ ಇರುವ ಜಾಗಕ್ಕೆ ಜೋಸೆಫ್ಸನ್ ಸಂಧಿ, ಅಂದರೆ ಎರಡು ಅತಿವಾಹಕಗಳ ನಡುವೆ ತೆಳ್ಳಗಿನ ನಿರೋಧಕ ಇಟ್ಟ ಆ ಜೋಡಣೆ, ಹಾಕಿದರೆ ಎರಡನೆಯ ಮೆಟ್ಟಿಲು ಸ್ವಲ್ಪ ಗಿಡ್ಡವಾಗುತ್ತದೆ. ಎತ್ತರವನ್ನು ಆವೃತ್ತಿಯಲ್ಲಿ ಹೇಳಿದರೆ, ಮೊದಲನೆಯದು 5 ಗಿಗಾಹರ್ಟ್ಜ್ ಇದ್ದರೆ ಎರಡನೆಯದು ಸುಮಾರು 4.75. ಆ ಕಾಲು ಗಿಗಾಹರ್ಟ್ಜ್ ವ್ಯತ್ಯಾಸದ ಬಲದಿಂದಲೇ ಸೊನ್ನೆ ಮತ್ತು ಒಂದನ್ನು ಮಾತ್ರ ಬೇರ್ಪಡಿಸಿ ಬಳಸಲು ಆಗುತ್ತದೆ. ಇಂಥ ಸರ್ಕ್ಯೂಟು, ಕಣ್ಣಿಗೆ ಕಾಣುವಷ್ಟು ದೊಡ್ಡದಿದ್ದರೂ, ಪರಮಾಣುವಿನಂತೆ ಮೆಟ್ಟಿಲುಗಳಲ್ಲಿ ವರ್ತಿಸುತ್ತದೆ ಎಂದು 1984-85ರಲ್ಲಿ ಬರ್ಕ್ಲಿಯಲ್ಲಿ ಪ್ರಯೋಗ ಮಾಡಿ ತೋರಿಸಿದವರು ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ, ಜಾನ್ ಮಾರ್ಟಿನಿಸ್. 2025ರ ಭೌತಶಾಸ್ತ್ರದ ನೊಬೆಲ್ ಬಂದದ್ದು ಅದಕ್ಕೆ. ಇಂದು ಹೆಚ್ಚು ಬಳಕೆಯಲ್ಲಿರುವ ‘ಟ್ರಾನ್ಸ್‌ಮಾನ್’ ಎಂಬ ವಿನ್ಯಾಸ 2007ರಲ್ಲಿ ಯೇಲ್‌ನಿಂದ ಬಂತು.

ಇನ್ನು ತಯಾರಿಕೆ. ಇಲ್ಲಿ ನಿಧಾನವಾಗಿ ಹೋಗೋಣ.

ಕೆಳಗಿನ ತಳ ಅಂದರೆ ವೇಫರ್: ತುಂಬ ಶುದ್ಧವಾದ ಸಿಲಿಕಾನ್, ಇಲ್ಲವೇ ಕಾರ್ಖಾನೆಯಲ್ಲಿ ಬೆಳೆಸಿದ ನೀಲಮಣಿಯ ಹಲ್ಲೆ. ಸಿಲಿಕಾನನ್ನು ಗಂಧಕಾಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸುಮಾರು 3ಕ್ಕೆ 1ರಂತೆ ಬೆರೆಸಿದ ದ್ರಾವಣದಲ್ಲಿ ತೊಳೆಯುತ್ತಾರೆ. ಪೆರಾಕ್ಸೈಡನ್ನು ಆಸಿಡ್ಡಿಗೆ ನಿಧಾನವಾಗಿ ಹಾಕಬೇಕು. ತಾನಾಗಿಯೇ ನೂರು ಡಿಗ್ರಿ ದಾಟಿ ಕುದಿಯುತ್ತದೆ, ಅಸಿಟೋನ್ ಹನಿ ಬಿದ್ದರೆ ಸಿಡಿಯುತ್ತದೆ. ಸಾವಯವ ಕೊಳೆ ಹೋದ ಮೇಲೆ ಹೈಡ್ರೋಫ್ಲೋರಿಕ್ ಆಸಿಡ್ಡಿನಲ್ಲಿ ಅದ್ದಿ, ಸಿಲಿಕಾನಿನ ಮೇಲೆ ತಾನಾಗಿ ಬೆಳೆದ ಆಕ್ಸೈಡ್ ತೆಗೆದು, ನಿಮಿಷಗಳೊಳಗೆ ನಿರ್ವಾತ ಪೆಟ್ಟಿಗೆಗೆ ಸೇರಿಸಬೇಕು. ತಡವಾದರೆ ಆಕ್ಸೈಡ್ ಮತ್ತೆ ಬೆಳೆಯುತ್ತದೆ, ಮೇಲೆ ಹಾಕುವ ಲೋಹದ ಅಡಿಯಲ್ಲಿ ಶಾಶ್ವತವಾಗಿ ಹೂತುಹೋಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವವರಿಗೆ ಇದು ಹೊಸ ಪಾಠವಲ್ಲ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೂ ಗಾಳಿಗೆ ತೆರೆದಿಟ್ಟ ಹಳೆ ಸುಣ್ಣ ಹಾಕಿದರೆ ದ್ರಾವಣ ಕೆಡುತ್ತದೆ, ಚೂರಿ ಅದ್ದಿ ನೋಡಿದರೆ ತಾಮ್ರ ಹಿಡಿಯುತ್ತದೆ. ಅಳತೆ ಸರಿ ಇದ್ದರೆ ಸಾಲದು, ವಸ್ತು ಆ ಹೊತ್ತಿಗೆ ತಾಜಾ ಇರಬೇಕು.

ಈಗ ಸುಮಾರು 200 ನ್ಯಾನೊಮೀಟರ್ ದಪ್ಪಕ್ಕೆ ನಿಯೋಬಿಯಂ ಅಥವಾ ಟ್ಯಾಂಟಲಂ ಪದರ ಕೂರಿಸಿ, ಅದರಲ್ಲಿ ಕೆಪಾಸಿಟರ್ ಮತ್ತು ತಂತಿಗಳ ಆಕಾರ ಕೊರೆಯುತ್ತಾರೆ. ಟ್ಯಾಂಟಲಂಗೆ ಒಂದು ಹಠ ಇದೆ. ನೀಲಮಣಿಯ ತಳವನ್ನು ಸುಮಾರು 500 ಡಿಗ್ರಿಗೆ ಕಾಯಿಸದೆ ಹಾಕಿದರೆ ಅದು ಬೀಟಾ ಎಂಬ ಬೇರೆ ಹರಳು ರೂಪದಲ್ಲಿ ಕೂರುತ್ತದೆ. ಬೀಟಾ ರೂಪ 1 ಕೆಲ್ವಿನ್‌ಗಿಂತ ಕೆಳಗೆ ಹೋಗುವವರೆಗೆ ಅತಿವಾಹಕವೇ ಆಗದು. ಬೇಕಾದದ್ದು 4.4 ಕೆಲ್ವಿನ್ನಿನ ಆಲ್ಫಾ ರೂಪ.

ಕೊನೆಯ ಹಂತ ಸಂಧಿ. ಎರಡು ಬಗೆಯ ರೆಸಿಸ್ಟ್ (ಕಿರಣ ಬಿದ್ದ ಕಡೆ ಕರಗಿ ಹೋಗುವ ಪ್ಲಾಸ್ಟಿಕ್ಕಿನಂಥ ಲೇಪ) ಪದರಗಳನ್ನು ಹಚ್ಚುತ್ತಾರೆ: ಕೆಳಗಿನದು ಇಲೆಕ್ಟ್ರಾನ್ ಕಿರಣಕ್ಕೆ ಬೇಗ ಕರಗುವಂಥದ್ದು, ಮೇಲಿನದು ಅಷ್ಟು ಕರಗದ್ದು. ಕಿರಣದಿಂದ ಬರೆದು ತೊಳೆದಾಗ ಕೆಳಗೆ ಅಗಲವಾಗಿ ಟೊಳ್ಳು, ಮೇಲೆ ಸಣ್ಣ ಸೇತುವೆ ಉಳಿಯುತ್ತದೆ. ನಂತರ ಹದವಾದ ಆಮ್ಲಜನಕ ಪ್ಲಾಸ್ಮಾದಲ್ಲಿ ತಳದ ರೆಸಿಸ್ಟ್ ಕಲೆಯನ್ನು ಸುಡಬೇಕು. ಇದನ್ನು ಬಿಟ್ಟರೆ ಸಂಧಿಯ ಅಡಿಯಲ್ಲಿ ಇಂಗಾಲದ ಕೊಳೆ ಉಳಿಯುತ್ತದೆ. ಜಾಸ್ತಿ ಹೊತ್ತು ಮಾಡಿದರೆ ಸೇತುವೆಯೇ ಸವೆದು ಬೀಳುತ್ತದೆ. ಆಮೇಲೆ ನಿರ್ವಾತದಲ್ಲಿ ಅಲ್ಯುಮಿನಿಯಂ ಕಾಯಿಸಿ ಆವಿ ಮಾಡಿ, ಚಿಪ್ಪನ್ನು ಓರೆ ಹಿಡಿದು ಒಂದು ದಿಕ್ಕಿನಿಂದ 30 ನ್ಯಾನೊಮೀಟರ್ ಹಾಕುತ್ತಾರೆ. ಪೆಟ್ಟಿಗೆ ತೆರೆಯದೆ ಶುದ್ಧ ಆಮ್ಲಜನಕವನ್ನು ಕೆಲವು ಮಿಲಿಬಾರ್ ಒತ್ತಡಕ್ಕೆ ಬಿಟ್ಟು ಹತ್ತು ಹದಿನೈದು ನಿಮಿಷ ಹಾಗೇ ಇಡುತ್ತಾರೆ. ನಮ್ಮ ಪಾತ್ರೆಯ ಮೇಲೆ ಆದದ್ದೇ ಇಲ್ಲಿಯೂ ಆಗುವುದು, ಆದರೆ ತೇವ ಇಲ್ಲದೆ, ಧೂಳಿಲ್ಲದೆ, ಅಳೆದು. ಆಮ್ಲಜನಕ ಹೊರಗೆ ಎಳೆದು, ಚಿಪ್ಪನ್ನು ಇನ್ನೊಂದು ದಿಕ್ಕಿಗೆ ಓರೆ ಮಾಡಿ ಎರಡನೆಯ ಅಲ್ಯುಮಿನಿಯಂ ಪದರ ಹಾಕುತ್ತಾರೆ. ಇದು ಮೊದಲನೆಯದಕ್ಕಿಂತ ದಪ್ಪ ಇರಬೇಕು, ಇಲ್ಲವಾದರೆ ಮೊದಲ ಪದರದ ಅಂಚನ್ನು ಹತ್ತುವಾಗ ತುಂಡಾಗುತ್ತದೆ. ಸೇತುವೆಯ ನೆರಳಿನಡಿ ಎರಡು ಪದರಗಳು ಒಂದರ ಮೇಲೊಂದು ಬರುವ ಚಿಕ್ಕ ಜಾಗ, ಸುಮಾರು 200 ನ್ಯಾನೊಮೀಟರ್ ಉದ್ದಗಲ, ಅದೇ ಜೋಸೆಫ್ಸನ್ ಸಂಧಿ.

ಬೇಡದ ಲೋಹವನ್ನು ರೆಸಿಸ್ಟ್ ಸಮೇತ ಬಿಸಿ ದ್ರಾವಕದಲ್ಲಿ ಎಬ್ಬಿಸುತ್ತಾರೆ. ಆ ಹೊತ್ತಿಗೆ ಚಿಪ್ಪು ಅರ್ಧದಲ್ಲಿ ಒಣಗಬಾರದು. ಒಣಗಿದರೆ ಎದ್ದ ಲೋಹದ ಚೂರುಗಳು ಮತ್ತೆ ಅಂಟಿಕೊಳ್ಳುತ್ತವೆ, ಆಮೇಲೆ ಯಾವುದಕ್ಕೂ ಬಿಡುವುದಿಲ್ಲ. ಇನ್ನೊಂದು ಅಪಾಯ ಸ್ಥಿರವಿದ್ಯುತ್ತು. ಮೈಯಲ್ಲಿ ಸೇರಿದ ಚಾರ್ಜ್ ಒಂದು ಸಲ ಹರಿದರೆ ಎರಡು ನ್ಯಾನೊಮೀಟರಿನ ಆಕ್ಸೈಡ್ ಸುಟ್ಟು ಶಾರ್ಟ್ ಆಗುತ್ತದೆ. ಅದಕ್ಕೇ ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಂಡು ಕೂರುವುದು.

ಸಂಧಿ ಸರಿಯಾಗಿದೆಯೇ ಎಂದು ತಿಳಿಯಲು ಅದನ್ನು ನಿರಪೇಕ್ಷ ಶೂನ್ಯದ ಹತ್ತಿರಕ್ಕೆ ತಂಪು ಮಾಡಬೇಕಾಗಿಲ್ಲ ಎಂಬುದು ದೊಡ್ಡ ಸಮಾಧಾನ. 1963ರಲ್ಲಿ ಅಂಬೇಗಾವ್‌ಕರ್ ಮತ್ತು ಬಾರಟಾಫ್ ಕೊಟ್ಟ ಸೂತ್ರದ ಪ್ರಕಾರ, ಅತಿವಾಹಕವಾಗುವ ಮೊದಲಿನ ಸಾಮಾನ್ಯ ರೋಧ ಗೊತ್ತಿದ್ದರೆ ಅತಿವಾಹಕ ಪ್ರವಾಹದ ಮಿತಿ ಲೆಕ್ಕಕ್ಕೆ ಸಿಗುತ್ತದೆ. ಅಲ್ಯುಮಿನಿಯಂ ಸಂಧಿಯಲ್ಲಿ ಸುಮಾರು 10 ಕಿಲೋಓಮ್ ತೋರಿಸಿದರೆ ಪ್ರವಾಹದ ಮಿತಿ 30 ನ್ಯಾನೊಆಂಪಿಯರ್ ಹತ್ತಿರ, ಕ್ಯೂಬಿಟ್ಟಿನ ಆವೃತ್ತಿ 5 ಗಿಗಾಹರ್ಟ್ಜ್ ಆಸುಪಾಸು. ಅಳೆಯುವಾಗ ಮಾಮೂಲಿ ಮಲ್ಟಿಮೀಟರಿನ ವೋಲ್ಟೇಜ್ ಸಹ ಜಾಸ್ತಿಯಾಗಬಹುದು, ಸಣ್ಣ ಪ್ರವಾಹ ಮಾತ್ರ ಬಿಡಬೇಕು. ಆವೃತ್ತಿ ಈ ಮಿತಿಯ ವರ್ಗಮೂಲದಂತೆ ಏರಿಳಿಯುತ್ತದೆ. ಆದ್ದರಿಂದ 200 ನ್ಯಾನೊಮೀಟರಿನ ಒಂದು ಬದಿ ಬರೀ 4 ನ್ಯಾನೊಮೀಟರ್ ಹೆಚ್ಚಾದರೆ ವಿಸ್ತೀರ್ಣ ಶೇ. 2, ಆವೃತ್ತಿ ಶೇ. 1, ಅಂದರೆ 50 ಮೆಗಾಹರ್ಟ್ಜ್ ತಪ್ಪುತ್ತದೆ. ಅಕ್ಕಪಕ್ಕದ ಕ್ಯೂಬಿಟ್ಟುಗಳ ಆವೃತ್ತಿ ಒಂದಕ್ಕೊಂದು ತಾಗುವಂತಾದರೆ ಒಂದಕ್ಕೆ ಕೊಟ್ಟ ಸಂಕೇತ ಇನ್ನೊಂದಕ್ಕೂ ತಟ್ಟುತ್ತದೆ. ಇಷ್ಟು ಸಾಲದೆಂಬಂತೆ ಮಾಡಿಟ್ಟ ಸಂಧಿಯ ರೋಧ ದಿನ ಕಳೆದಂತೆ ತಾನಾಗಿಯೇ ಶೇಕಡಾ ಕೆಲವಷ್ಟು ಏರುತ್ತದೆ. ಒಂದೊಂದೇ ಸಂಧಿಯನ್ನು ಲೇಸರಿನಿಂದ ಹದವಾಗಿ ಕಾಯಿಸಿ ಆವೃತ್ತಿಯನ್ನು ಸರಿಪಡಿಸುವ ಕ್ರಮ ಬಂದದ್ದು ಇದಕ್ಕಾಗಿಯೇ.

ತಂಪಿನ ವಿಷಯ. ಅಲ್ಯುಮಿನಿಯಂ 1.2 ಕೆಲ್ವಿನ್‌ನಲ್ಲೇ ಅತಿವಾಹಕವಾದರೆ 0.02 ಕೆಲ್ವಿನ್‌ವರೆಗೆ ಇಳಿಸುವುದೇಕೆ? 5 ಗಿಗಾಹರ್ಟ್ಜ್ ಫೋಟಾನಿನ ಶಕ್ತಿಯನ್ನು ಉಷ್ಣತೆಗೆ ಬದಲಿಸಿದರೆ 0.24 ಕೆಲ್ವಿನ್ ಬರುತ್ತದೆ. 1 ಕೆಲ್ವಿನ್‌ನಲ್ಲಿಟ್ಟರೆ ಬರೀ ಬಿಸಿಯೇ ಕ್ಯೂಬಿಟ್ಟನ್ನು ಸೊನ್ನೆ-ಒಂದರ ನಡುವೆ ಅಡ್ಡಾದಿಡ್ಡಿ ಓಡಿಸುತ್ತದೆ. 20 ಮಿಲಿಕೆಲ್ವಿನ್‌ನಲ್ಲಿ ಲೆಕ್ಕದ ಪ್ರಕಾರ ಹತ್ತು ಲಕ್ಷದಲ್ಲಿ ಆರು ಸಲ ಮಾತ್ರ ಅದು ತಾನಾಗಿ ‘ಒಂದು’ ಆಗಿರಬೇಕು. ಅಳೆದು ನೋಡಿದರೆ ನೂರಕ್ಕೆ ಒಂದು ಸಲ ಹಾಗಿರುವುದು ಸಾಮಾನ್ಯ! ಅಂದರೆ ಫ್ರಿಜ್ಜಿನ ಥರ್ಮಾಮೀಟರು 20 ತೋರಿಸುತ್ತಿದ್ದರೂ ಕ್ಯೂಬಿಟ್ಟಿಗೆ 50ರ ಬಿಸಿ ತಟ್ಟುತ್ತಿದೆ. ಎಲ್ಲಿಂದ? ಹೆಚ್ಚಾಗಿ ತಂತಿಗಳಿಂದ. ಹೊರಗಿನ 300 ಕೆಲ್ವಿನ್ ಕೋಣೆಯಿಂದ ಬರುವ ಕೇಬಲ್ಲಿನಲ್ಲಿ ಆ ಆವೃತ್ತಿಗೆ ಸಾವಿರದ ಇನ್ನೂರೈವತ್ತು ಫೋಟಾನುಗಳಷ್ಟು ಗದ್ದಲ ಇರುತ್ತದೆ. ಅದನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ 60 ಡೆಸಿಬೆಲ್, ಇಳಿಸಬೇಕು. 60ನ್ನೂ ಒಂದೇ ಕಡೆ ಇಳಿಸುವಂತಿಲ್ಲ, ಏಕೆಂದರೆ ಇಳಿಸುವ ಬಿಡಿಭಾಗವೂ ತಾನಿರುವ ಉಷ್ಣತೆಯ ಗದ್ದಲವನ್ನು ಸೇರಿಸುತ್ತದೆ. ಹಾಗಾಗಿ ಫ್ರಿಜ್ಜಿನೊಳಗೆ ಹಂತ ಹಂತವಾಗಿರುವ ತಟ್ಟೆಗಳಲ್ಲಿ, 4 ಕೆಲ್ವಿನ್ ತಟ್ಟೆಯಲ್ಲಿ 20, 0.1 ಕೆಲ್ವಿನ್ ತಟ್ಟೆಯಲ್ಲಿ 20, ತೀರ ಕೆಳಗೆ 20 ಎಂದು ಹಂಚುತ್ತಾರೆ.

ಆ ತಂಪು ಬರುವುದು ಹೀಲಿಯಂ-3, ಹೀಲಿಯಂ-4 ಮಿಶ್ರಣದಿಂದ. 0.87 ಕೆಲ್ವಿನ್‌ಗಿಂತ ಕೆಳಗೆ ಇವೆರಡು ಎಣ್ಣೆ-ನೀರಿನಂತೆ ಬೇರೆಯಾಗುತ್ತವೆ. ಆದರೆ ಕೆಳಗಿನ ಪದರದಲ್ಲಿ ಎಷ್ಟೇ ತಂಪಾದರೂ ಶೇ. 6.6ರಷ್ಟು ಹೀಲಿಯಂ-3 ಕರಗಿಯೇ ಇರುತ್ತದೆ. ಅದನ್ನು ಪಂಪಿನಿಂದ ಎಳೆಯುತ್ತಾ ಹೋದರೆ ಮೇಲಿನಿಂದ ಹೀಲಿಯಂ-3 ಕೆಳಕ್ಕಿಳಿದು ತುಂಬಿಕೊಳ್ಳಬೇಕು, ಇಳಿಯುವಾಗ ಬಿಸಿಯನ್ನು ಹೀರುತ್ತದೆ. ಮಣ್ಣಿನ ಹೂಜಿಯ ನೀರು ಆವಿಯಾಗುತ್ತಾ ಉಳಿದದ್ದನ್ನು ತಂಪು ಮಾಡುವ ಹಾಗೆ. ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ತೊಂದರೆ ತೀರ ಸಣ್ಣದು. ಪಂಪಿನ ಒಂದು ಜೋಡಣೆಯಲ್ಲಿ ಸ್ವಲ್ಪ ಗಾಳಿ ಸೋರಿದರೂ ಅದು ಒಳಗಿನ ಕಿರಿದಾದ ಕೊಳವೆಯಲ್ಲಿ ಗಟ್ಟಿಯಾಗಿ ಕೂತು ಹರಿವನ್ನೇ ಕಟ್ಟುತ್ತದೆ. ಆಗ ಇಡೀ ಯಂತ್ರವನ್ನು ಬಿಸಿ ಮಾಡಿ, ಶುದ್ಧ ಮಾಡಿ, ಮತ್ತೆ ತಂಪು ಮಾಡಬೇಕು. ದಿನಗಟ್ಟಲೆ ಕೆಲಸ.

ಇಷ್ಟೆಲ್ಲ ಆದ ಮೇಲೆ ಕ್ಯೂಬಿಟ್ ‘ಒಂದು’ ಎಂಬ ಸ್ಥಿತಿಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ? 1999ರಲ್ಲಿ ಜಪಾನಿನಲ್ಲಿ ನಕಮುರ, ಪಾಷ್ಕಿನ್, ತ್ಸಾಯ್ ತೋರಿಸಿದ ಮೊದಲ ಇಂಥ ಕ್ಯೂಬಿಟ್ ಕೆಲವೇ ನ್ಯಾನೊಸೆಕೆಂಡ್ ಉಳಿಯಿತು. ಇಂದು 100 ಮೈಕ್ರೊಸೆಕೆಂಡ್ ಸಾಮಾನ್ಯ. ಒಂದು ಹೆಜ್ಜೆಯ ಲೆಕ್ಕಕ್ಕೆ 30 ನ್ಯಾನೊಸೆಕೆಂಡ್ ಬೇಕೆಂದರೆ ಸುಮಾರು ಮೂರು ಸಾವಿರ ಹೆಜ್ಜೆಗಳ ಆಯುಸ್ಸು.

ಆಯುಸ್ಸು ಅಷ್ಟಕ್ಕೇ ಏಕೆ ನಿಲ್ಲುತ್ತದೆ ಎಂಬುದನ್ನು ಒಂದು ಲೆಕ್ಕ ಮಾಡಿಯೇ ನೋಡೋಣ. ಲೋಹದ ಮೇಲೂ ಅಡಿಯಲ್ಲೂ ತಳದ ಮೇಲೂ ಇರುವ ಆಕ್ಸೈಡ್ ಪೊರೆಗಳಲ್ಲಿ ಕ್ಯೂಬಿಟ್ಟಿನ ವಿದ್ಯುತ್ ಕ್ಷೇತ್ರದ ಹತ್ತು ಸಾವಿರದಲ್ಲಿ ಮೂರು ಪಾಲು ಇದೆ ಎನ್ನಿ. ಆ ಆಕ್ಸೈಡ್ ತನ್ನೊಳಗಿನ ಶಕ್ತಿಯಲ್ಲಿ ಸಾವಿರಕ್ಕೆ ಎರಡು ಪಾಲಿನಂತೆ ಹೀರುತ್ತದೆ. ಎರಡನ್ನೂ ಗುಣಿಸಿದರೆ ಒಂದು ಕೋಟಿಯಲ್ಲಿ ಆರು. 5 ಗಿಗಾಹರ್ಟ್ಜನ್ನು ಎರಡು ಪೈಯಿಂದ ಗುಣಿಸಿದರೆ 3,140 ಕೋಟಿ. ಎರಡರ ಗುಣಲಬ್ಧದ ವಿಲೋಮ ತೆಗೆದರೆ 53 ಮೈಕ್ರೊಸೆಕೆಂಡ್. ಹತ್ತು ಸಾವಿರದಲ್ಲಿ ಮೂರು ಪಾಲು ಕೊಳೆ, ಆಯುಸ್ಸನ್ನೆಲ್ಲ ನಿರ್ಧರಿಸಿತು.

ಆಕ್ಸೈಡ್ ಹೀರುವುದು ಏಕೆ? ಅದು ಹರಳಲ್ಲ, ಗಾಜಿನಂತೆ ಅಸ್ತವ್ಯಸ್ತ. ಅಲ್ಲಲ್ಲಿ ಕೆಲವು ಪರಮಾಣುಗಳಿಗೆ ಕೂರಲು ಹತ್ತಿರಹತ್ತಿರ ಎರಡು ಜಾಗ ಇರುತ್ತದೆ, ಅವು ಒಂದರಿಂದ ಇನ್ನೊಂದಕ್ಕೆ ಸುರಂಗ ಪರಿಣಾಮದಿಂದಲೇ ಹಾರುತ್ತಿರುತ್ತವೆ. ಆ ಹಾರಾಟದ ಆವೃತ್ತಿ ಕ್ಯೂಬಿಟ್ಟಿನದಕ್ಕೆ ಹೊಂದಿಬಿಟ್ಟರೆ ಶಕ್ತಿ ಅತ್ತ ಹೋಯಿತು. ಇವುಗಳ ಆವೃತ್ತಿ ಹೊತ್ತಿನಿಂದ ಹೊತ್ತಿಗೆ ಜರುಗುವ ಕಾರಣ, ಬೆಳಿಗ್ಗೆ 120 ಮೈಕ್ರೊಸೆಕೆಂಡ್ ತೋರಿಸಿದ ಕ್ಯೂಬಿಟ್ ರಾತ್ರಿ 40 ತೋರಿಸಬಹುದು. ಒಂದೇ ಅಳತೆಯನ್ನು ನಂಬಿ ಚಿಪ್ಪಿಗೆ ಅಂಕ ಕೊಡಬಾರದು.

ಟ್ಯಾಂಟಲಂ ಇಲ್ಲಿ ದಾರಿ ತೋರಿಸಿತು. ನಿಯೋಬಿಯಂ ಮೇಲೆ ಒಂದಲ್ಲ, ಹಲವು ಬಗೆಯ ಆಕ್ಸೈಡ್ ಬೆರೆತು ಬೆಳೆಯುತ್ತವೆ. ಟ್ಯಾಂಟಲಂ ಮೇಲೆ ಬಹುಪಾಲು ಒಂದೇ ಬಗೆ, ಗಟ್ಟಿ. ಅದಕ್ಕಿಂತ ಮುಖ್ಯ, ಆಗಲೇ ಹೇಳಿದ ಕುದಿಯುವ ಗಂಧಕಾಮ್ಲದ ದ್ರಾವಣದಲ್ಲಿ ಅದ್ದಿದರೂ ಟ್ಯಾಂಟಲಂಗೆ ಏನೂ ಆಗದು. ಅಂದರೆ ಆಕಾರ ಕೊರೆದಾದ ಮೇಲೂ ಮತ್ತೊಮ್ಮೆ ಚೆನ್ನಾಗಿ ತೊಳೆಯಬಹುದು. ಅಲ್ಯುಮಿನಿಯಂ ಆಗಿದ್ದರೆ ಕರಗಿಹೋಗುತ್ತಿತ್ತು. 2021ರಲ್ಲಿ ಪ್ರಿನ್ಸ್‌ಟನ್ ತಂಡ ನೀಲಮಣಿಯ ಮೇಲಿನ ಟ್ಯಾಂಟಲಂನಿಂದ 300 ಮೈಕ್ರೊಸೆಕೆಂಡ್ ದಾಟಿತು. 2025ರಲ್ಲಿ ತಳವನ್ನು ಶುದ್ಧ ಸಿಲಿಕಾನಿಗೆ ಬದಲಿಸಿ 1 ಮಿಲಿಸೆಕೆಂಡ್ ದಾಟಿತು. ಸರ್ಕ್ಯೂಟಿನ ಮೂಲ ವಿನ್ಯಾಸ 2007ರದ್ದೇ.

ಆಯುಸ್ಸು ಎಷ್ಟೇ ಹೆಚ್ಚಿದರೂ ತಪ್ಪುಗಳು ಉಳಿಯುತ್ತವೆ, ಅವನ್ನು ಹಲವು ಕ್ಯೂಬಿಟ್ಟುಗಳನ್ನು ಒಂದಾಗಿ ಬಳಸಿ ತಿದ್ದಬೇಕು. ಗೂಗಲ್‌ನ ವಿಲ್ಲೋ ಚಿಪ್, 105 ಕ್ಯೂಬಿಟ್ಟಿನದು, 2024ರ ಡಿಸೆಂಬರಿನಲ್ಲಿ ತೋರಿಸಿದ್ದು ಇದನ್ನು: ಗುಂಪನ್ನು ಒಂದು ಹಂತ ದೊಡ್ಡದು ಮಾಡಿದಾಗಲೆಲ್ಲ ತಪ್ಪು ಅರ್ಧಕ್ಕಿಂತ ಕಡಿಮೆಯಾಯಿತು. ಬಿಡಿ ಕ್ಯೂಬಿಟ್ ಕೆಟ್ಟದಿದ್ದರೆ ಗುಂಪು ದೊಡ್ಡದಾದಷ್ಟೂ ತಪ್ಪು ಹೆಚ್ಚುತ್ತದೆ. ಹಾಗಾಗಿ ತಿದ್ದುವ ಗಣಿತವೂ ಕೊನೆಗೆ ಬಂದು ನಿಲ್ಲುವುದು ಆ ಪೊರೆಯ ಬಳಿಯೇ.

ಇನ್ನು ಪ್ರಶ್ನೆಗಳು.

ನಮ್ಮ ದೇಶದಲ್ಲಿ ಈ ಕೆಲಸ ಎಲ್ಲಿ ನಡೆಯುತ್ತಿದೆ?

2023ರ ಏಪ್ರಿಲಿನಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಸಿಕ್ಕಿತು, 2031ರವರೆಗೆ 6,003.65 ಕೋಟಿ ರೂಪಾಯಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕಂಪ್ಯೂಟಿಂಗ್, ಐಐಟಿ ಮದ್ರಾಸ್ ಸಂವಹನ, ಐಐಟಿ ಬಾಂಬೆ ಸಂವೇದನೆ, ಐಐಟಿ ದೆಹಲಿ ವಸ್ತು ಮತ್ತು ಸಾಧನಗಳ ಕೇಂದ್ರ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅತಿವಾಹಕ ಕ್ಯೂಬಿಟ್ಟುಗಳನ್ನು ಅಲ್ಲೇ ತಯಾರಿಸುತ್ತಾರೆ. ಡಿಆರ್‌ಡಿಒ ಜೊತೆ ಸೇರಿ ಮಾಡಿದ 6 ಕ್ಯೂಬಿಟ್ಟಿನ ಪ್ರೊಸೆಸರಿನ ಪರೀಕ್ಷೆ 2024ರಲ್ಲಿ ಮುಗಿಯಿತು. ರಸಾಯನಶಾಸ್ತ್ರ ಓದುವವರು, ನಿರ್ವಾತ ಯಂತ್ರ, ವೆಲ್ಡಿಂಗ್, ಮೈಕ್ರೊವೇವ್ ಕಲಿತವರು ಇಲ್ಲಿ ಬೇಕು. ಭೌತಶಾಸ್ತ್ರದವರಿಗೆ ಮಾತ್ರ ಎಂದು ತಿಳಿದು ಹಿಂದೆ ಉಳಿಯಬೇಡಿ.

ಟ್ಯಾಂಟಲಂ ಅಷ್ಟು ಒಳ್ಳೆಯದಾದರೆ ಸಂಧಿಯನ್ನೂ ಅದರಲ್ಲೇ ಮಾಡಬಾರದೇ?

ಟ್ಯಾಂಟಲಂ ಕ್ಯೂಬಿಟ್ಟುಗಳಲ್ಲೂ ಸಂಧಿ ಅಲ್ಯುಮಿನಿಯಂನದ್ದೇ. ಬೇಕಾದ ದಪ್ಪಕ್ಕೆ ತಾನಾಗಿ ನಿಲ್ಲುವ, ತೂತಿಲ್ಲದ ಆಕ್ಸೈಡನ್ನು ಇಷ್ಟು ಸುಲಭವಾಗಿ ಕೊಡುವ ಬೇರೆ ಲೋಹ ಕೈಗೆ ಹತ್ತಿಲ್ಲ. ಸಂಧಿ ಬಹಳ ಚಿಕ್ಕದಾದ್ದರಿಂದ ಅದರೊಳಗೆ ಆವೃತ್ತಿ ಹೊಂದುವ ದೋಷ ಸಿಗುವ ಸಂಭವ ಕಡಿಮೆ, ಅದರಿಂದ ಬಚಾವು. ಗಾಜಿನಂಥ ಆಕ್ಸೈಡಿನ ಬದಲು ಹರಳಿನಂತೆ ಜೋಡಿಸಿದ ತಡೆಗೋಡೆ ಬೆಳೆಸುವ ಪ್ರಯತ್ನಗಳು ನಡೆದಿವೆ. ಕಷ್ಟ ಏನೆಂದರೆ ಅದನ್ನು ಇಡೀ ವೇಫರಿನಲ್ಲಿ ಒಂದೇ ದಪ್ಪಕ್ಕೆ ತರುವುದು.

ಶಾಲೆಯ ಲ್ಯಾಬಿನಲ್ಲಿ ಮಾಡಿ ನೋಡುವಂಥದ್ದು ಏನಾದರೂ ಇದೆಯೇ?

ಇದೆ, ಈ ಪೊರೆಯನ್ನೇ ಬೆಳೆಸಬಹುದು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು 100 ಮಿಲಿಲೀಟರ್, ಬೋರಿಕ್ ಆಸಿಡ್ 3 ಗ್ರಾಂ, ಅರ್ಧ ಗ್ರಾಂ ಬಿಳಿಗಾರ. ಬಿಳಿಗಾರ ಅಂದರೆ ಅಡಿಕೆ ಕಾಯಿ ಒಡೆಯದಿರಲೆಂದು ಕೊಡುವ ಬೋರಾಕ್ಸೇ. ಕರಗಿಸಿ ಗಾಜಿನ ಲೋಟಕ್ಕೆ ಹಾಕಿ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ಲಿನ 2 ಸೆಂಟಿಮೀಟರ್ ಅಗಲದ ಪಟ್ಟಿ 2 ಸೆಂಟಿಮೀಟರ್ ಮುಳುಗಲಿ, ಅದಕ್ಕೆ 9 ವೋಲ್ಟ್ ಬ್ಯಾಟರಿಯ ಧನ ತುದಿ. ಋಣ ತುದಿಗೆ ಸ್ಟೀಲ್ ಚಮಚ. ನಡುವೆ 1 ಕಿಲೋಓಮ್ ರೆಸಿಸ್ಟರ್ ಮತ್ತು ಮಿಲಿಆಂಪಿಯರಿಗೆ ಇಟ್ಟ ಮಲ್ಟಿಮೀಟರ್. ಬಾವಿ ನೀರು ಬೇಡ, ಫಾಯಿಲ್ಲಿನ ಮುಳುಗುವ ಭಾಗವನ್ನು ಬೆವರು ಕೈಯಲ್ಲಿ ಮುಟ್ಟುವುದೂ ಬೇಡ. ಉಪ್ಪಿನ ಕ್ಲೋರೈಡ್ ಪೊರೆಯಲ್ಲಿ ತೂತು ಕೊರೆಯುತ್ತದೆ, ಮೀಟರು ಕೆಳಗಿಳಿಯುವುದೇ ಇಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ಆ ಚಮಚವನ್ನು ಮತ್ತೆ ಊಟಕ್ಕೆ ಬಳಸಬೇಡಿ.

ಸಂಪರ್ಕ ಕೊಟ್ಟಾಗ ಮೀಟರು ಕೆಲವು ಮಿಲಿಆಂಪಿಯರಿಗೆ ಏರಿ, ಒಂದೆರಡು ನಿಮಿಷದಲ್ಲಿ ಇಳಿಯುತ್ತಾ ಬರುತ್ತದೆ. ಇಂಥ ದ್ರಾವಣದಲ್ಲಿ ಪೊರೆ ವೋಲ್ಟಿಗೆ ಸುಮಾರು 1.3 ನ್ಯಾನೊಮೀಟರಿನಂತೆ ಬೆಳೆದು ನಿಲ್ಲುತ್ತದೆ, ಅಂದರೆ ಈಗ ಫಾಯಿಲ್ಲಿನ ಮೇಲೆ 12 ನ್ಯಾನೊಮೀಟರ್ ಹತ್ತಿರ ಇದೆ. ಹಾಗೇ ಬಿಟ್ಟು ಇನ್ನೊಂದು 9 ವೋಲ್ಟ್ ಬ್ಯಾಟರಿಯನ್ನು ಸರಣಿಯಲ್ಲಿ ಸೇರಿಸಿ. ಪ್ರವಾಹ ಮತ್ತೆ ಏರಿ, 23 ನ್ಯಾನೊಮೀಟರ್ ಆಗುವವರೆಗೆ ಹರಿದು, ಮತ್ತೆ ಇಳಿಯುತ್ತದೆ. ಈಗ ತುದಿಗಳನ್ನು ಅದಲುಬದಲು ಮಾಡಿ: ಫಾಯಿಲ್ಲಿನಿಂದ ಗುಳ್ಳೆಗಳೇಳುತ್ತವೆ, ಎಷ್ಟು ಹೊತ್ತು ಕಾದರೂ ಮೀಟರು ಹಾಗೆ ಇಳಿಯುವುದಿಲ್ಲ.